ಏಳು ದಿನದ ಸ್ಕೀಮು, ಒಂದೂವರೆ ವರ್ಷದ ಕಾಲು

ಅಪಘಾತದ ಸುದ್ದಿ ನಮ್ಮ ಕರಾವಳಿಯ ಪೇಪರುಗಳಲ್ಲಿ ಎರಡು ಸಾಲಿಗೆ ಮುಗಿಯುತ್ತದೆ. ಪಡುಬಿದ್ರಿಯಲ್ಲೋ ಸುರತ್ಕಲ್ಲಿನಲ್ಲೋ ಲಾರಿ, ಸ್ಕೂಟರ್ ಡಿಕ್ಕಿ. ಸವಾರನ ಕಾಲಿಗೆ ಗಂಭೀರ ಗಾಯ, ಆಸ್ಪತ್ರೆಗೆ ದಾಖಲು. ತೀರಿಕೊಂಡರೆ ಮರುದಿನ ಇನ್ನೊಂದು ಸುದ್ದಿ ಬರುತ್ತದೆ. ಬದುಕಿಕೊಂಡರೆ ಸುದ್ದಿಯೇ ಇಲ್ಲ. ಆ ‘ಗಂಭೀರ ಗಾಯ’ದ ಕಥೆ ಶುರುವಾಗುವುದೇ ಅಲ್ಲಿಂದ. ಒಂದರ ಮೇಲೊಂದು ಆಪರೇಷನ್, ತಿಂಗಳುಗಟ್ಟಲೆ ಡ್ರೆಸ್ಸಿಂಗ್, ಒಂದೂವರೆ ಎರಡು ವರ್ಷ ಕೆಲಸವಿಲ್ಲ. ಕೊನೆಗೆ ಕಾಲು ಉಳಿಯಿತೋ ಇಲ್ಲವೋ ಎಂದು ಕೇಳುವವರು ಮನೆಯವರು ಮಾತ್ರ.

ಮಂಗಳೂರು, ದೇರಳಕಟ್ಟೆ, ಮಣಿಪಾಲ ಮೂರನ್ನೂ ಸೇರಿಸಿದರೆ ಒಂದೇ ಹೆದ್ದಾರಿಯ ಆಸುಪಾಸಿನಲ್ಲಿ ಇಷ್ಟು ಮೆಡಿಕಲ್ ಕಾಲೇಜು ಆಸ್ಪತ್ರೆಗಳಿರುವ ಜಾಗ ಬೆಂಗಳೂರು ಬಿಟ್ಟರೆ ರಾಜ್ಯದಲ್ಲಿ ಕಡಿಮೆ. 1848ರ ವೆನ್ಲಾಕ್ ಇದೆ, ಫಾದರ್ ಮುಲ್ಲರ್ ಇದೆ, ಮಣಿಪಾಲದ ಕಸ್ತೂರ್ಬಾ ಇದೆ. ‘ಮಣಿಪಾಲಕ್ಕೆ ಕೊಂಡುಹೋಗಿದ್ದಾರಂತೆ’ ಎಂದರೆ ಸಾಕು, ಕೇಸು ಎಷ್ಟು ಸೀರಿಯಸ್ ಎಂದು ಊರಿಗೆಲ್ಲ ಅರ್ಥವಾಗುತ್ತದೆ. ಅಂದರೆ ಕಾಲು ಉಳಿಸುವ ಕೈಗಳಿಗೆ ಇಲ್ಲಿ ಬರಗಾಲವಿಲ್ಲ. ಆಸ್ಪತ್ರೆಯ ಬಾಗಿಲು ಸಿಗುವ ಮೊದಲಿನ ಒಂದೆರಡು ಗಂಟೆಯಲ್ಲಿ, ಮತ್ತೆ ಡಿಸ್ಚಾರ್ಜ್ ಆದ ಮೇಲಿನ ಒಂದೂವರೆ ವರ್ಷದಲ್ಲಿ ನಾವು ಕಾಲು ಕಳೆದುಕೊಳ್ಳುತ್ತೇವೆ ಎಂಬುದು ನನ್ನ ವಾದ. ಅಪಘಾತದ ಚಿಕಿತ್ಸೆಗೆಂದು ಸರ್ಕಾರ ಕೊಡುವ ದುಡ್ಡು ಮಾತ್ರ ಇವೆರಡರ ನಡುವಿನ ಏಳು ದಿನವನ್ನು ನೋಡಿಕೊಂಡು ಕೂತಿದೆ.

ಮೊದಲು ಈ ಗಾಯದ ಸ್ವಭಾವ ನೋಡೋಣ. ನಿಮ್ಮ ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದ ಒಳಬದಿಗೆ ಬೆರಳು ಆಡಿಸಿ. ಪಾದದ ಗಂಟಿನವರೆಗೂ ಎಲುಬು ನೇರ ಕೈಗೆ ಸಿಗುತ್ತದೆ. ನಡುವೆ ಇರುವುದು ಬರೀ ಚರ್ಮ. ಟಿಬಿಯಾ ಎನ್ನುವ ಈ ಎಲುಬು ಮುರಿದರೆ ಚರ್ಮ ಹರಿದು ಹೊರಗೆ ಬರಲು ಹೆಚ್ಚು ಹೊತ್ತು ಬೇಡ. ಉದ್ದದ ಎಲುಬುಗಳ ಪೈಕಿ ಹೀಗೆ ಗಾಯ ತೆರೆದುಕೊಂಡು ಮುರಿಯುವುದರಲ್ಲಿ ಇದೇ ಮುಂದು. ತೊಡೆಯ ಎಲುಬಿಗೆ ಸುತ್ತ ದಪ್ಪ ಮಾಂಸದ ಕಾವಲಿದೆ, ಮಾಂಸದಿಂದ ರಕ್ತ ಸಿಗುತ್ತದೆ. ಇಲ್ಲಿ ಅದಿಲ್ಲ. ರಕ್ತ ಕಡಿಮೆ ಇದ್ದಲ್ಲಿ ಎಲುಬು ಕೂಡುವುದು ನಿಧಾನ, ಕೀವು ಆಗುವುದು ಬೇಗ. ಬೈಕಿನಲ್ಲಿ ಕೂತವನ ಈ ಭಾಗವೇ ಎದುರಿನ ಕಾರಿನ ಬಂಪರಿಗೆ ಸರಿಯಾಗಿ ಸಿಗುವುದು. ಬೈಕ್ ಮಾತ್ರ ಅಂತಲ್ಲ. ಬೋಟಿನ ವಿಂಚಿಗೆ ಸಿಕ್ಕಿದ ಕಾಲು, ಕೆಂಪುಕಲ್ಲಿನ ಕೋರೆಯಲ್ಲಿ ಜಜ್ಜಿಹೋದ ಕಾಲು, ಗದ್ದೆಯ ಟಿಲ್ಲರಿಗೆ ಸಿಕ್ಕಿದ ಕಾಲು, ಎಲ್ಲದರದ್ದೂ ಇದೇ ಪಾಡು.

ವಾರ್ಡಿನಲ್ಲಿ ಡಾಕ್ಟರುಗಳು ‘ತ್ರೀ ಬಿ’, ‘ತ್ರೀ ಸಿ’ ಎಂದು ಮಾತಾಡಿಕೊಳ್ಳುವುದು ಕಿವಿಗೆ ಬಿದ್ದಿರಬಹುದು. ಗಸ್ಟಿಲೊ ಮತ್ತು ಆಂಡರ್ಸನ್ 1976ರಲ್ಲಿ ತೆರೆದ ಗಾಯದ ಮುರಿತಗಳಿಗೆ ಮಾಡಿದ ದರ್ಜೆ ಅದು. ಮೂರನೇ ದರ್ಜೆಯನ್ನು 1984ರಲ್ಲಿ ಎ, ಬಿ, ಸಿ ಎಂದು ಒಡೆದರು. ಬಿ ಎಂದರೆ ಎಲುಬು ಮುಚ್ಚಲು ಬೇಕಾದಷ್ಟು ಮಾಂಸ, ಚರ್ಮ ಉಳಿದಿಲ್ಲ, ಬೇರೆ ಕಡೆಯಿಂದ ತರಬೇಕು. ಸಿ ಎಂದರೆ ರಕ್ತನಾಳವೂ ತುಂಡಾಗಿದೆ, ಹೊಲಿಯದಿದ್ದರೆ ಕಾಲು ಉಳಿಯುವುದಿಲ್ಲ. ಈ ಲೇಖನದ ವಿಷಯ ಇವೆರಡೇ.

ರಕ್ತ ನಿಂತುಹೋದ ಕಾಲಿನ ಸ್ನಾಯು ಸುಮಾರು ಆರು ಗಂಟೆ ತಡೆದುಕೊಳ್ಳುತ್ತದೆ. ಆಮೇಲೆ ಸಾಯತೊಡಗುತ್ತದೆ. ಗಡಿಯಾರ ಶುರುವಾಗುವುದು ಡಿಕ್ಕಿಯಾದ ಕ್ಷಣದಿಂದ, ಕ್ಯಾಶುವಾಲಿಟಿಯಲ್ಲಿ ಚೀಟಿ ಮಾಡಿಸಿದ ಹೊತ್ತಿನಿಂದ ಅಲ್ಲ. ಈಗ ಲೆಕ್ಕ ಹಾಕಿ. ರಸ್ತೆ ಬದಿಯಲ್ಲಿ ಜನ ಸೇರಿ, ಯಾರು ಕಾರು ಕೊಡುತ್ತಾರೆ ಎಂದು ನೋಡುವುದರಲ್ಲಿ ಅರ್ಧ ಗಂಟೆ. ಹತ್ತಿರದ ಸಣ್ಣ ಆಸ್ಪತ್ರೆಗೆ ಹೋಗಿ, ಎಕ್ಸ್‌ರೇ ತೆಗೆಸಿ, ‘ಇಲ್ಲಿ ಆಗುವುದಿಲ್ಲ’ ಅನ್ನಿಸಿಕೊಳ್ಳುವುದಕ್ಕೆ ಒಂದೂವರೆ ಗಂಟೆ. ಅಲ್ಲಿಂದ ಇನ್ನೊಂದು ಕಡೆ ಹೋದರೆ ರಕ್ತನಾಳ ಹೊಲಿಯುವವರು ಆ ರಾತ್ರಿ ಇಲ್ಲ. ಮೂರನೇ ಆಸ್ಪತ್ರೆ ತಲುಪುವಾಗ ಆರು ಗಂಟೆ ಮುಗಿದಿರುತ್ತದೆ. ಆಸ್ಪತ್ರೆ ಇರುವ ಊರಿನಲ್ಲೇ ಹೀಗಾಗುತ್ತದೆ ಮಾರಾಯ್ರೆ. ಹೊರಡುವ ಮೊದಲೇ ಒಂದು ಫೋನ್ ಮಾಡಿ ‘ಎಲುಬಿನವರು, ಪ್ಲಾಸ್ಟಿಕ್ ಸರ್ಜನ್, ರಕ್ತನಾಳದವರು ಮೂವರೂ ಸಿಗುತ್ತಾರಾ’ ಎಂದು ಕೇಳುವುದು ಎಲ್ಲಕ್ಕಿಂತ ದೊಡ್ಡ ಪ್ರಥಮ ಚಿಕಿತ್ಸೆ. ರಕ್ತ ಜೋರಾಗಿ ಹೋಗುತ್ತಿದ್ದು ಜೀವಕ್ಕೇ ಅಪಾಯ ಅನ್ನಿಸಿದರೆ ಮಾತ್ರ ಹತ್ತಿರದ ಆಸ್ಪತ್ರೆಯಲ್ಲಿ ನಿಲ್ಲಿಸಿ ಮುಂದೆ ಹೋಗಬೇಕು.

ಉತ್ತರ ಕನ್ನಡದವರ ಕಷ್ಟವೇ ಬೇರೆ. ಭಟ್ಕಳದಿಂದ ಉಡುಪಿಗೆ ಸುಮಾರು 90 ಕಿಲೋಮೀಟರ್, ಕುಮಟಾದಿಂದ ಸುಮಾರು 150. 2022ರ ಜುಲೈ 20ರಂದು ಹೊನ್ನಾವರ ಕಡೆಯಿಂದ ರೋಗಿಯನ್ನು ತರುತ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಳೆಗೆ ಜಾರಿ ಬಿದ್ದು ನಾಲ್ವರು ಸತ್ತರು. ತಮ್ಮ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಕೊಡಿ ಎಂದು ಅಲ್ಲಿನವರು ಅದಕ್ಕೂ ಮೊದಲೇ ಕೇಳುತ್ತಿದ್ದರು.

ಮುಟ್ಟಿದರೆ ಪೊಲೀಸ್ ಕೇಸು ಎಂಬ ಹೆದರಿಕೆ ಈಗಲೂ ಇದೆ. ಕಾನೂನಿನ ಪ್ರಕಾರ ಅದಕ್ಕೆ ಅರ್ಥವಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ. ಗಾಯದ ಮೇಲೆ ಸ್ವಚ್ಛ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಒತ್ತಿದರೂ ನಿಲ್ಲದೆ ಚಿಮ್ಮುತ್ತಿದ್ದರೆ ಗಾಯದ ಮೇಲ್ಭಾಗದಲ್ಲಿ ಅಗಲ ಬಟ್ಟೆಯಿಂದ ಬಿಗಿಯಾಗಿ ಕಟ್ಟಿ, ಕಟ್ಟಿದ ಗಂಟೆ ಬರೆದುಕೊಳ್ಳಿ. ತಂತಿ, ಸಣ್ಣ ಹಗ್ಗ ಬೇಡ. ಹೊರಬಂದ ಎಲುಬನ್ನು ಒಳಗೆ ತಳ್ಳಬೇಡಿ. ಅರಿಶಿನ, ಕಾಫಿ ಪುಡಿ ಖಂಡಿತ ಬೇಡ. ಆಪರೇಷನ್ ಮಾಡುವವರು ಮೊದಲು ಅದನ್ನು ತೊಳೆಯುವುದರಲ್ಲೇ ಸುಸ್ತಾಗುತ್ತಾರೆ.

ಆಸ್ಪತ್ರೆಯಲ್ಲಿ ಮೊದಲ ರಾತ್ರಿ ಆಗುವುದು ಜೋಡಿಸುವ ಕೆಲಸ ಅಲ್ಲ, ತೆಗೆಯುವ ಕೆಲಸ. ಆಂಟಿಬಯೋಟಿಕ್ ಒಂದು ಗಂಟೆಯೊಳಗೆ ರಕ್ತಕ್ಕೆ ಹೋಗಬೇಕು. ಆಮೇಲೆ ಓಟಿಯಲ್ಲಿ (ಆಪರೇಷನ್ ಥಿಯೇಟರಿನಲ್ಲಿ) ಲೀಟರುಗಟ್ಟಲೆ ಸಲೈನ್ ಹಾಕಿ ತೊಳೆಯುತ್ತಾರೆ. ಸೋಪಿನ ನೀರಿಗಿಂತ ಸುಮ್ನೆ ಸಲೈನೇ ಮೇಲು ಎಂದು 2015ರಲ್ಲಿ ಬಂದ ದೊಡ್ಡ ಅಧ್ಯಯನವೊಂದು ತೋರಿಸಿತು. ತೊಳೆದ ಮೇಲೆ ಸತ್ತದ್ದು ಯಾವುದು, ಬದುಕಿರುವುದು ಯಾವುದು ಎಂದು ಇಂಚಿಂಚು ನೋಡುತ್ತಾರೆ. ಸ್ನಾಯುವಿನ ಬಣ್ಣ ಹೇಗಿದೆ, ಇಕ್ಕಳದಲ್ಲಿ ಚಿವುಟಿದರೆ ಮಿಡಿಯುತ್ತದಾ, ಕೊಯ್ದರೆ ರಕ್ತ ಬರುತ್ತದಾ. ಬೇಯಿಸಿದ ಮಾಂಸದ ಹಾಗೆ ಮಂಕಾಗಿ ಸುಮ್ಮನೆ ಬಿದ್ದಿದ್ದರೆ ಅದು ಸತ್ತಿದೆ, ಕತ್ತರಿಸಿ ತೆಗೆಯಬೇಕು. ಮಾಂಸದ ಸಂಬಂಧ ಕಳೆದುಕೊಂಡ ಎಲುಬಿನ ಚೂರುಗಳನ್ನೂ ತೆಗೆಯುತ್ತಾರೆ. ಹೊರಗೆ ಕಾಯುವ ಮನೆಯವರಿಗೆ ‘ಇದ್ದ ಎಲುಬನ್ನೂ ಬಿಸಾಡಿದರು’ ಎಂದು ಕೋಪ ಬರುತ್ತದೆ. ಪಾಪ, ಬರುವುದು ಸಹಜ. ಸತ್ತ ಎಲುಬು ಒಳಗೆ ಉಳಿದರೆ ಅದೇ ಕೀವಿನ ಗೂಡು. ವರ್ಷಗಳ ನಂತರವೂ ತೂತು ಬಿದ್ದು ಸೋರುವ ಕಾಲುಗಳನ್ನು ನೋಡಿದವರಿಗೆ ಇದು ಗೊತ್ತು. ಎಲ್ಲ ಮುಗಿದ ಮೇಲೆ ಎಲುಬು ಅಲ್ಲಾಡದಂತೆ ಹೊರಗಿನಿಂದ ಕಂಬಿಗಳನ್ನು ಹಾಕಿ, ಗಾಯವನ್ನು ತೆರೆದೇ ಬಿಡುತ್ತಾರೆ. ಎರಡು ದಿನ ಬಿಟ್ಟು ಮತ್ತೆ ತೊಳೆಯುತ್ತಾರೆ.

ಕರಾವಳಿಯ ಮಣ್ಣು, ನೀರಿನದ್ದು ಇನ್ನೊಂದು ತಲೆನೋವು. ಸಗಣಿ, ಗೊಬ್ಬರ ಬಿದ್ದ ಗದ್ದೆಯ ಕೆಸರು ಗಾಯಕ್ಕೆ ಹೊಕ್ಕರೆ ಮಾಂಸವನ್ನು ಬೇಗ ಕೊಳೆಸುವ ಗ್ಯಾಸ್ ಗ್ಯಾಂಗ್ರೀನಿನ ಭಯ. ಸಮುದ್ರದ ನೀರಿನಲ್ಲಿ ವಿಬ್ರಿಯೊ ಜಾತಿಯ ರೋಗಾಣುಗಳಿರುತ್ತವೆ, ಅದಕ್ಕೆ ಆಂಟಿಬಯೋಟಿಕ್ ಬೇರೆ. ಮಳೆಗಾಲದ ಮಣ್ಣಿನಿಂದ ಬರುವ ಮೆಲಿಯಾಯ್ಡೋಸಿಸ್ ಎಂಬ ಸೋಂಕು ನಮ್ಮ ಕರಾವಳಿಯಲ್ಲಿ ಇದೆ ಎಂದು ಮಣಿಪಾಲದ ವೈದ್ಯರು ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಸಕ್ಕರೆ ಕಾಯಿಲೆ ಇದ್ದವರನ್ನು ಅದು ಹುಡುಕಿಕೊಂಡು ಬರುತ್ತದೆ, ಎಲುಬಿನಲ್ಲೂ ಕೂರುತ್ತದೆ. ಹಾಗಾಗಿ ‘ಎಲ್ಲಿ ಬಿದ್ದಿರಿ’ ಎಂದು ಡಾಕ್ಟರು ಕೇಳಿದರೆ ಊರಿನ ಹೆಸರು ಮಾತ್ರ ಹೇಳಿ ಮುಗಿಸಬೇಡಿ. ಚರಂಡಿಯಾ, ಗದ್ದೆಯಾ, ದಕ್ಕೆಯ ನೀರಾ, ಅದನ್ನು ಹೇಳಿ.

ಉಳಿಸುವುದಾ, ತೆಗೆಯುವುದಾ? ಇದಕ್ಕೆ ಅಂಕದ ಪಟ್ಟಿಗಳಿವೆ. 1990ರಲ್ಲಿ ಅಮೆರಿಕದಲ್ಲಿ ಬಂದ ‘ಮೆಸ್’ ಎಂಬ ಪಟ್ಟಿಯಲ್ಲಿ ಏಳು ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಕಾಲು ತೆಗೆಯುವುದೇ ಸರಿ ಎಂಬ ಲೆಕ್ಕವಿತ್ತು. ಅದನ್ನು ಕಣ್ಣುಮುಚ್ಚಿ ನಂಬಿದರೆ ಉಳಿಯಬಹುದಾದ ಕಾಲುಗಳೂ ಹೋಗುತ್ತವೆ ಎಂದು ಆಮೇಲೆ ಗೊತ್ತಾಯಿತು. ನಮಗೆ ಹತ್ತಿರದ ಪಟ್ಟಿ ಕೊಯಮತ್ತೂರಿನ ಗಂಗಾ ಆಸ್ಪತ್ರೆಯದ್ದು. ಡಾ. ಎಸ್. ರಾಜಶೇಖರನ್ ಮತ್ತು ಅವರ ತಂಡ 2006ರಲ್ಲಿ ಪ್ರಕಟಿಸಿದ ಈ ಪಟ್ಟಿಯಲ್ಲಿ ಚರ್ಮಕ್ಕೆ, ಎಲುಬಿಗೆ, ಸ್ನಾಯು–ನರಗಳಿಗೆ ಬೇರೆ ಬೇರೆ ಅಂಕ. ಸಕ್ಕರೆ ಕಾಯಿಲೆ, ವಯಸ್ಸು, ಗೊಬ್ಬರದ ಕೊಳೆ, ತಡವಾದದ್ದು, ಇಂಥವಕ್ಕೆ ತಲಾ ಎರಡು ಅಂಕ ಜಾಸ್ತಿ. ಮೊತ್ತ 14ರ ಒಳಗಿದ್ದರೆ ಉಳಿಸಲು ನೋಡಿ, 17 ಮತ್ತು ಮೇಲಾದರೆ ತೆಗೆಯುವುದು ಮೇಲು, ನಡುವಿನ 15, 16ಕ್ಕೆ ಅನುಭವಿಗಳು ಕೂತು ಯೋಚಿಸಿ. ಈ ಪಟ್ಟಿ ನನಗೆ ಇಷ್ಟವಾಗುವುದು ಆ ನಡುವಿನ ಎರಡು ಅಂಕಗಳಿಗಾಗಿಯೇ. ಗೊತ್ತಾಗುವುದಿಲ್ಲ ಎಂದು ಒಪ್ಪಿಕೊಳ್ಳಲು ಅದು ಜಾಗ ಬಿಟ್ಟಿದೆ.

ಅಂಗಾಲಿನಲ್ಲಿ ಸ್ಪರ್ಶ ಇಲ್ಲದಿದ್ದರೆ ಕಾಲು ತೆಗೆಯಬೇಕು ಎಂಬ ಹಳೆಯ ನಂಬಿಕೆಯೂ ಬಿದ್ದುಹೋಗಿದೆ. ಸ್ಪರ್ಶವಿಲ್ಲದೆ ಬಂದು ಕಾಲು ಉಳಿಸಿಕೊಂಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಎರಡು ವರ್ಷದಲ್ಲಿ ಅದು ಮರಳಿತ್ತು. ಈ ಮಾತು ಬಂದದ್ದು ‘ಲೀಪ್’ ಎಂಬ ಅಧ್ಯಯನದಿಂದ. ಅಮೆರಿಕದ ಎಂಟು ಟ್ರಾಮಾ ಕೇಂದ್ರಗಳಲ್ಲಿ 569 ಜನರನ್ನು ಹಿಂಬಾಲಿಸಿ 2002ರಲ್ಲಿ ಪ್ರಕಟಿಸಿದ ಅದರ ಮುಖ್ಯ ಫಲಿತಾಂಶ ಎಲ್ಲರಿಗೂ ಕಸಿವಿಸಿ ತಂದಿತು. ಎರಡು ವರ್ಷದ ಕೊನೆಗೆ ಕಾಲು ಉಳಿಸಿಕೊಂಡವರು, ಕಾಲು ತೆಗೆಸಿದವರು ಇಬ್ಬರ ಜೀವನವೂ ಹೆಚ್ಚು ಕಡಿಮೆ ಒಂದೇ. ಕೆಲಸಕ್ಕೆ ಮರಳಿದವರು ಎರಡೂ ಕಡೆ ಸುಮಾರು ಅರ್ಧ. ಆದರೆ ಮತ್ತೆ ಆಸ್ಪತ್ರೆ ಸೇರಬೇಕಾಗಿ ಬಂದದ್ದು ಉಳಿಸಿಕೊಂಡವರಲ್ಲಿ ನೂರಕ್ಕೆ 48, ತೆಗೆಸಿದವರಲ್ಲಿ 34. ಯಾರು ಚೆನ್ನಾಗಿ ಚೇತರಿಸಿಕೊಂಡರು ಎಂಬುದನ್ನು ತೀರ್ಮಾನಿಸಿದ್ದರಲ್ಲಿ ಆದಾಯ, ಓದು, ಮನೆಯವರ ಆಸರೆ, ‘ನನ್ನಿಂದ ಆಗುತ್ತದೆ’ ಎಂಬ ಧೈರ್ಯ ಇವುಗಳ ಪಾಲು ದೊಡ್ಡದಿತ್ತು.

ಇದನ್ನು ಓದಿ ‘ಹಾಗಾದರೆ ತೆಗೆಸುವುದೇ ಒಳ್ಳೆಯದು’ ಎನ್ನುವುದು ತಪ್ಪು. ಅಲ್ಲಿನ ಕೃತಕ ಕಾಲು ಬೇರೆ, ಇಲ್ಲಿನ ಅಂಗಳ ಬೇರೆ. ಮಳೆಗಾಲದ ಆಟಿ ತಿಂಗಳಲ್ಲಿ ಪಾಚಿ ಹಿಡಿದ ಮೆಟ್ಟಿಲು, ನೆಲದ ಕಕ್ಕಸು, ಬರಿಗಾಲಲ್ಲಿ ಹೋಗಬೇಕಾದ ದೇವಸ್ಥಾನ. 1968ರ ಹೊತ್ತಿಗೆ ಬಂದ ಜೈಪುರ ಕಾಲನ್ನು ಕುಕ್ಕರುಗಾಲಲ್ಲಿ ಕೂರಲು, ಬರಿಗಾಲಲ್ಲಿ ನಡೆಯಲು ಆಗುವಂತೆ ಮಾಡಿದ್ದೇ ಈ ಕಾರಣಕ್ಕೆ. ಕೃತಕ ಕಾಲೆಂದರೆ ಒಮ್ಮೆ ಕೊಟ್ಟು ಮುಗಿಯುವ ಖರ್ಚೂ ಅಲ್ಲ. ಸವೆಯುತ್ತದೆ, ಬದಲಿಸಬೇಕು. ಅಮೆರಿಕದವರೇ ಲೆಕ್ಕ ಹಾಕಿ ನೋಡಿದಾಗ ಜೀವಮಾನದ ಖರ್ಚು ಕಾಲು ತೆಗೆಸಿದವರಿಗೇ ಮೂರು ಪಟ್ಟು ಬಂತು. ಆದರೂ ಒಂದು ಮಾತು ಹೇಳಲೇಬೇಕು. ಕಾಲು ತೆಗೆಯುವುದು ಎಂದ ಕೂಡಲೇ ‘ಡಾಕ್ಟರಿಗೆ ಗೊತ್ತಿಲ್ಲ’ ಎಂದು ರಾತ್ರೋರಾತ್ರಿ ಆಂಬ್ಯುಲೆನ್ಸ್ ಬದಲಿಸುವ ಅಭ್ಯಾಸ ನಮ್ಮಲ್ಲಿ ಇದೆ. ಹಿಮ್ಮಡಿಯೇ ಇಲ್ಲದ, ನಂಜು ಏರಿ ಕಿಡ್ನಿ ಕೈಕೊಡುತ್ತಿರುವ ರೋಗಿಯ ವಿಷಯದಲ್ಲಿ ಆ ಹಠ ಜೀವಕ್ಕೆ ಬರುತ್ತದೆ.

ಉಳಿಸುವುದು ಎಂದು ನಿರ್ಧಾರವಾದರೆ ಮೊದಲ ಚಿಂತೆ ಮುಚ್ಚುವುದು. ಸ್ಲೊವೇನಿಯಾದ ಮಾರ್ಕೊ ಗೊಡಿನಾ 1986ರಲ್ಲೇ ತೋರಿಸಿದ್ದು, 72 ಗಂಟೆಯೊಳಗೆ ಜೀವಂತ ಮಾಂಸದಿಂದ ಮುಚ್ಚಿದರೆ ಕೀವಾಗುವುದೂ, ಹಾಕಿದ ಮಾಂಸ ಸಾಯುವುದೂ ತುಂಬ ಕಡಿಮೆ. ಎಲ್ಲಿಂದ ತರುವುದು ಎಂಬುದು ಗಾಯದ ಜಾಗದ ಮೇಲೆ. ಮೊಣಕಾಲಿನ ಹತ್ತಿರವಾದರೆ ಮೀನಖಂಡದ ಮೇಲಿನ ಸ್ನಾಯುವನ್ನೇ ತಿರುಗಿಸುತ್ತಾರೆ, ನಡುವಿಗಾದರೆ ಅದರ ಕೆಳಗಿನದ್ದು. ಪಾದದ ಗಂಟಿನ ಹತ್ತಿರ ತಿರುಗಿಸಲು ಏನೂ ಇಲ್ಲ. ಅಲ್ಲಿಗೆ ಬೆನ್ನಿನದ್ದೋ ತೊಡೆಯದ್ದೋ ಒಂದು ತುಂಡನ್ನು ಅದರ ರಕ್ತನಾಳದ ಸಮೇತ ಬಿಡಿಸಿ ತಂದು, ಎರಡು ಮೂರು ಮಿಲಿಮೀಟರ್ ದಪ್ಪದ ನಾಳವನ್ನು ಮೈಕ್ರೋಸ್ಕೋಪಿನ ಕೆಳಗೆ ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಯಬೇಕು. ಆ ರಾತ್ರಿ ನರ್ಸ್ ಗಂಟೆಗೊಮ್ಮೆ ಬಂದು ತುಂಡಿನ ಬಣ್ಣ ನೋಡುತ್ತಾರೆ, ಮುಟ್ಟಿ ಬಿಸಿ ನೋಡುತ್ತಾರೆ. ನೀಲಿಯಾದರೆ ಮತ್ತೆ ಓಟಿಗೆ. ಪಕ್ಕದಲ್ಲಿ ಕೂತವರು ಬೀಡಿ ಕೊಟ್ಟರೆ ಆ ಹೊಲಿಗೆಯೆಲ್ಲ ನೀರಲ್ಲಿ ಹೋಮ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಎಲುಬು ಕೂಡುವುದನ್ನೂ ತಡಮಾಡುತ್ತದೆ.

ಆಮೇಲೆ ಎಲುಬಿನ ಸರದಿ. ನಡುವೆ ಐದಾರು ಸೆಂಟಿಮೀಟರ್ ಎಲುಬೇ ಇಲ್ಲದಿದ್ದರೆ ಎರಡು ದಾರಿ. ಒಂದು, ಫ್ರಾನ್ಸಿನ ಮಾಸ್ಕಲೆ ಕಂಡುಹಿಡಿದದ್ದು: ಖಾಲಿ ಜಾಗಕ್ಕೆ ಆಂಟಿಬಯೋಟಿಕ್ ಬೆರೆಸಿದ ಸಿಮೆಂಟ್ ತುಂಬಿ, ಆರರಿಂದ ಎಂಟು ವಾರದಲ್ಲಿ ಅದರ ಸುತ್ತ ಪೊರೆ ಬೆಳೆದ ಮೇಲೆ ಸಿಮೆಂಟ್ ತೆಗೆದು ಸೊಂಟದ ಎಲುಬಿನ ಪುಡಿ ತುಂಬುವುದು. ಇನ್ನೊಂದು ನಮ್ಮವರು ‘ರಿಂಗ್ ಹಾಕಿದ್ದಾರೆ’ ಎನ್ನುವುದು, ಸೈಬೀರಿಯಾದ ಕುರ್ಗಾನ್ ಎಂಬ ಊರಿನಲ್ಲಿ ಡಾ. ಇಲಿಜರೋವ್ 1950ರ ದಶಕದಲ್ಲಿ ಬೆಳೆಸಿದ ವಿಧಾನ. ಕಾಲಿನ ಸುತ್ತ ಲೋಹದ ರಿಂಗುಗಳನ್ನು ತಂತಿಗಳಿಂದ ಎಲುಬಿಗೆ ಬಿಗಿದು, ಗಾಯದಿಂದ ದೂರದಲ್ಲಿ ಒಳ್ಳೆಯ ಎಲುಬನ್ನು ಕತ್ತರಿಸಿ, ಆ ತುಂಡನ್ನು ದಿನಕ್ಕೆ ಒಂದು ಮಿಲಿಮೀಟರ್ ಎಳೆಯುತ್ತಾರೆ. ಹಿಂದೆ ಬಿಟ್ಟ ಸಂದಿನಲ್ಲಿ ಹೊಸ ಎಲುಬು ಹುಟ್ಟುತ್ತಾ ಬರುತ್ತದೆ.

ನಮ್ಮ ಮನೆಯ ಹತ್ತಿರದ ಎಲೆಕ್ಟ್ರಿಷಿಯನ್ ಹುಡುಗನೊಬ್ಬನಿಗೆ ಹೀಗೆ ರಿಂಗ್ ಹಾಕಿದ್ದರು. ಒಂದು ಮಿಲಿಮೀಟರನ್ನು ಒಟ್ಟಿಗೆ ಎಳೆಯುವುದಿಲ್ಲ, ಕಾಲು ಕಾಲು ಮಿಲಿಮೀಟರಿನಂತೆ ನಾಲ್ಕು ಸಲ. ಸಣ್ಣ ಸ್ಪ್ಯಾನರಿನಲ್ಲಿ ನಟ್ಟು ತಿರುಗಿಸುವುದು ಅವನ ಅಮ್ಮನ ಕೆಲಸ. ಬೆಳಿಗ್ಗೆ ಆರು, ಮಧ್ಯಾಹ್ನ, ಸಂಜೆ ಆರು, ರಾತ್ರಿ ಮಲಗುವ ಮುಂಚೆ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಾರೀಕಿನ ಚೌಕದಲ್ಲಿ ನಾಲ್ಕು ಗೀಟು. ‘ಅಮ್ಮಾ, ಇವತ್ತು ಮೂರೇ ಆದದ್ದು’ ಎಂದು ಒಳಗಿನಿಂದ ಕೂಗುತ್ತಿದ್ದ. ತಂತಿ ಚರ್ಮದೊಳಗೆ ಹೋಗುವ ಒಂದೊಂದು ಜಾಗವನ್ನೂ ಸಲೈನಿನಿಂದ ಒರೆಸಿ ಗಾಜ್ ಸುತ್ತಬೇಕು. ಜೂನ್ ಬಂದ ಮೇಲೆ ಗೋಡೆ, ಬಟ್ಟೆ ಎಲ್ಲ ಒದ್ದೆ. ಒಂದು ತಂತಿಯ ಬುಡ ಕೆಂಪಾಗಿ ಸೋರತೊಡಗಿತು. ಪ್ಯಾಂಟ್ ಹಾಕಲಾಗದೆ ಲುಂಗಿಯಲ್ಲೇ ಚೆಕಪ್‌ಗೆ ಹೋಗುತ್ತಿದ್ದ. ಬಸ್ಸಿನಲ್ಲಿ ಕಾಲು ಚಾಚಲು ಜಾಗವಿಲ್ಲ, ಪ್ರತಿ ಸಲ ರಿಕ್ಷಾ. ಒಂದು ಸೆಂಟಿಮೀಟರಿಗೆ ಒಂದೂವರೆ ತಿಂಗಳು ಎಂದು ಹಿಡಿದರೂ ಆರು ಸೆಂಟಿಮೀಟರಿಗೆ ಒಂಬತ್ತು ತಿಂಗಳು ಈ ಪಾಡು.

ಈಗ ದುಡ್ಡಿಗೆ ಬರೋಣ. 2016ರಲ್ಲಿ ನೆಲಮಂಗಲದ ಹತ್ತಿರ ಅಪಘಾತದಲ್ಲಿ ಸಾಯುವ ಹೊತ್ತಿನಲ್ಲೂ ಅಂಗದಾನದ ಮಾತಾಡಿದ ಹರೀಶ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಯೋಜನೆ ತಂದಿತು: ಮೊದಲ 48 ಗಂಟೆ, 25,000 ರೂಪಾಯಿ. 2025ರ ಮೇ ತಿಂಗಳಲ್ಲಿ ಕೇಂದ್ರದ ಕ್ಯಾಶ್‌ಲೆಸ್ ಯೋಜನೆ ಬಂತು: ಅಪಘಾತವಾದ ದಿನದಿಂದ ಏಳು ದಿನ, ಒಂದೂವರೆ ಲಕ್ಷದವರೆಗೆ. ಜೀವ ಉಳಿಸಲು ಇದು ಒಳ್ಳೆಯ ಹೆಜ್ಜೆ, ಬೇಡ ಅನ್ನುವವರು ಯಾರಿದ್ದಾರೆ? ಆದರೆ ಏಳನೇ ದಿನ ಈ ಕಾಲು ಎಲ್ಲಿರುತ್ತದೆ? ಎರಡು ಮೂರು ಸಲ ತೊಳೆದು, ಎಲ್ಲ ಸರಿಹೋದರೆ ಮಾಂಸ ಮುಚ್ಚಿ ಆಗಿರುತ್ತದೆ. ಎಲುಬಿನ ಕೆಲಸ ಶುರುವೇ ಆಗಿರುವುದಿಲ್ಲ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಇದೆ, ಅದು ನಿಜವಾದ ಆಸರೆ. ಎಪಿಎಲ್ ಆದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ 30 ಮಾತ್ರ. ತುರ್ತು ಅಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಐದನೇ ತಿಂಗಳಿನ ಎಲುಬು ಕಸಿ ಯಾರ ಲೆಕ್ಕದಲ್ಲೂ ತುರ್ತು ಅಲ್ಲ. ರಿಕ್ಷಾ ಬಾಡಿಗೆ, ಫಿಸಿಯೋಥೆರಪಿ, ನೋಡಿಕೊಳ್ಳಲು ಕೆಲಸ ಬಿಟ್ಟು ಕೂತವರ ಸಂಬಳ ಯಾವ ಸ್ಕೀಮಿನಲ್ಲೂ ಕಾಣುವುದಿಲ್ಲ. ಚೆಕಪ್ ತಪ್ಪಿಸುವುದು ಶುರುವಾಗುವುದು ಇಲ್ಲಿಂದಲೇ. ಮೊದಲ ರಾತ್ರಿ ಎಂಟು ಗಂಟೆ ನಿಂತು ಹೊಲಿದ ಕಾಲು ಹತ್ತನೇ ತಿಂಗಳಲ್ಲಿ ಕೀವಾಗಿ ಹೋದರೆ ಅದನ್ನು ವೈದ್ಯರ ಸೋಲು ಎಂದು ಬರೆದುಕೊಳ್ಳುವುದು ಅನ್ಯಾಯ ಅಲ್ವಾ?

ನನ್ನ ಮಟ್ಟಿಗೆ ಸರ್ಕಾರ ಮಾಡಬಹುದಾದದ್ದು ದೊಡ್ಡದೇನಲ್ಲ. ತ್ರೀ ಬಿ, ತ್ರೀ ಸಿ ಎಂದು ಮೊದಲ ದಿನವೇ ದಾಖಲಾದ ಕಾಲಿಗೆ ಒಂದೇ ರೆಫರಲ್ ಎರಡು ವರ್ಷ ನಡೆಯಲಿ. ತಂತಿಯ ಡ್ರೆಸ್ಸಿಂಗ್, ವ್ಯಾಯಾಮ ತಾಲೂಕು ಆಸ್ಪತ್ರೆಯಲ್ಲೇ ಆಗಲಿ. ಭಟ್ಕಳದವರು ಒಂದು ಗಾಜ್ ಬದಲಿಸಲು ಮಣಿಪಾಲಕ್ಕೆ ಬರಬೇಕಾ?

ಉಳಿದದ್ದು ಪರಿಹಾರದ ಕೇಸು. ಇಲ್ಲಿ ಜನ ಅವಸರ ಮಾಡಿ ಕೆಡಿಸಿಕೊಳ್ಳುತ್ತಾರೆ. ಅಂಗವೈಕಲ್ಯ ಶೇಕಡಾ ಎಷ್ಟು ಎಂಬುದೇ ಸಂಪಾದನೆಯ ನಷ್ಟ ಅಲ್ಲ ಎಂದು ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಷ್ಟು ಹಿಂದೆಯೇ ಬಿಡಿಸಿ ಹೇಳಿದೆ. ಎಡಗೈ ಹೋದ ಡ್ರೈವರಿಗೋ ಬಡಗಿಗೋ ನಷ್ಟ ಹೆಚ್ಚು ಕಡಿಮೆ ಪೂರ್ತಿ, ಸರ್ಕಾರಿ ಗುಮಾಸ್ತನಿಗೆ ಹಾಗಲ್ಲ ಎಂದು ಉದಾಹರಣೆಯನ್ನೂ ಕೊಟ್ಟಿದೆ. ಪಾದದ ಗಂಟು ಮಡಚದ, ಆದರೆ ಉಳಿದ ಕಾಲು ಬ್ಯಾಂಕಿನಲ್ಲಿ ಕೂರುವವನಿಗೆ ನಡೆಯುತ್ತದೆ. ಅಡಿಕೆ ಮರ ಹತ್ತುವವನಿಗೆ, ಅಲೆಗೆ ಓಲಾಡುವ ಬೋಟಿನಲ್ಲಿ ನಿಂತು ಬಲೆ ಎಳೆಯುವವನಿಗೆ ನಡೆಯುವುದಿಲ್ಲ. ಸರ್ಟಿಫಿಕೇಟ್ ಬರೆಯುವ ವೈದ್ಯರಿಗೂ ವಕೀಲರಿಗೂ ಮೊದಲು ಹೇಳಬೇಕಾದದ್ದು ಏನು ಕೆಲಸ ಮಾಡುತ್ತಿದ್ದಿರಿ ಎಂಬುದನ್ನು. ಎಕ್ಸ್‌ರೇ, ಡಿಸ್ಚಾರ್ಜ್ ಸಮ್ಮರಿ, ಸಾಧ್ಯವಾದರೆ ರಿಕ್ಷಾದ ಚೀಟಿಯೂ ಒಂದು ಫೈಲಿನಲ್ಲಿರಲಿ. ಇನ್ನೂ ಆಗಬೇಕಾದ ಆಪರೇಷನ್‌ಗಳ ಅಂದಾಜು ಖರ್ಚನ್ನು ವೈದ್ಯರಿಂದ ಬರೆಸಿಕೊಂಡು ಕೋರ್ಟಿಗೆ ಕೊಡಬಹುದು. ರಿಂಗ್ ಕಾಲಲ್ಲಿ ಇರುವಾಗಲೇ ರಾಜಿಗೆ ಸಹಿ ಹಾಕಿದರೆ ಮುಂದಿನ ಎಲುಬು ಕಸಿಯ ಬಿಲ್ಲು ಕೈಯಿಂದಲೇ ಕಟ್ಟಬೇಕಾಗುತ್ತದೆ.